ಎಂಟನೇ ಲೇನಿನವನು

ಇನ್ನೂರು ಮೀಟರ್ ಓಟಕ್ಕೆ ಗೆರೆ ಹಾಕುವ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ತಾಲ್ಲೂಕು ಕ್ರೀಡಾಕೂಟದ ಹಿಂದಿನ ಸಂಜೆ ಹಗ್ಗ, ಗೂಟ, ಟೇಪು, ಸುಣ್ಣದ ಪುಡಿ ಹೊರಿಸಿಕೊಂಡು ಮೈದಾನಕ್ಕೆ ಇಳಿದರೆ ಕಣ್ಣು ಕಾಣಿಸುವವರೆಗೂ ಅಲ್ಲೇ ಇರುತ್ತಿದ್ದೆ. ನೂರು ಮೀಟರಿಗೆ ಗೆರೆ ಹಾಕುವುದು ಸುಲಭ. ನೇರವಾಗಿ ಎಳೆದರೆ ಮುಗಿಯಿತು. ಇನ್ನೂರರಲ್ಲಿ ಮೊದಲರ್ಧ ಪೂರ್ತಿ ತಿರುವು. ಹೊರಗಿನ ಲೇನಿನವನು ಹೆಚ್ಚು ಸುತ್ತುತ್ತಾನಾದ್ದರಿಂದ ಅವನು ಹೊರಡುವ ಗೆರೆಯನ್ನು ಮುಂದಕ್ಕೆ ಒಯ್ಯಬೇಕು. ಅದಕ್ಕೆ ಸ್ಟ್ಯಾಗರ್ ಎನ್ನುತ್ತೇವೆ. ನಾನೂರು ಮೀಟರಿನ ಪೂರ್ಣ ಟ್ರ್ಯಾಕ್‌ನಲ್ಲಿ ಎರಡನೇ ಲೇನಿಗೆ 3.52 ಮೀಟರ್, ಅಲ್ಲಿಂದಾಚೆಗೆ ಒಂದೊಂದು ಲೇನಿಗೂ 3.83 ಮೀಟರ್. ಲೆಕ್ಕ ಹಾಕಿದರೆ ಎಂಟನೇ ಲೇನಿನ ಗೆರೆ ಒಂದನೆಯದಕ್ಕಿಂತ ಇಪ್ಪತ್ತಾರೂವರೆ ಮೀಟರ್ ಮುಂದೆ ಬೀಳುತ್ತದೆ. ನೋಡಲು ಬಂದ ತಂದೆತಾಯಿಗಳು, "ಅವನನ್ನು ಯಾಕೆ ಸಾರ್ ಅಷ್ಟು ಮುಂದೆ ನಿಲ್ಲಿಸಿದ್ದೀರಿ?" ಎಂದು ಕೇಳುತ್ತಿದ್ದರು. ಮಕ್ಕಳು ಕೇಳುತ್ತಿರಲಿಲ್ಲ. ಚೀಟಿ ಎತ್ತಿದಾಗ ಎಂಟು ಬಂದವರ ಮುಖ ಬಾಡುತ್ತಿತ್ತು, ಅಷ್ಟೆ.

ಯಾಕೆಂದರೆ ಎಂಟನೇ ಲೇನಿನಲ್ಲಿ ನಿಂತವನಿಗೆ ಎದುರಿಗೆ ಯಾರೂ ಕಾಣುವುದಿಲ್ಲ. ಏಳು ಜನವೂ ಬೆನ್ನ ಹಿಂದೆ. ಯಾರನ್ನು ಅಟ್ಟಿಸಿಕೊಂಡು ಓಡಬೇಕೆಂದು ಗೊತ್ತಾಗುವುದಿಲ್ಲ, ಎಷ್ಟು ವೇಗದಲ್ಲಿದ್ದೇನೆಂದೂ ಗೊತ್ತಾಗುವುದಿಲ್ಲ. ತಿರುವಿನ ಮಧ್ಯೆ ಎಡಗಡೆಯಿಂದ ಒಂದು ನೆರಳು ಬಂದು ಪಕ್ಕಕ್ಕೆ ಸೇರಿತೆಂದರೆ ಇಡೀ ಸ್ಟ್ಯಾಗರನ್ನೇ ಅವನು ತಿಂದುಹಾಕಿದ್ದಾನೆ ಎಂದರ್ಥ. ಆಗ ಎಳೆಯ ಕಾಲುಗಳು ಸೋತುಹೋಗುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಒಂದು ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳು ಎಂಟರ ಚೀಟಿ ಹಿಡಿದು ಅಳುತ್ತಾ ಕೂತಿದ್ದಳು. ಅವಳ ಪಕ್ಕದಲ್ಲಿ ಕೂತು ಮಾಸ್ಕೋದ ಒಂದು ಓಟದ ಕಥೆ ಹೇಳಿದೆ. ಆಮೇಲೆ ಪ್ರತಿ ವರ್ಷ ಹೇಳುತ್ತಾ ಬಂದೆ. ಆ ಓಟಗಾರನ ಹೆಸರು ಪಿಯೆತ್ರೊ ಮೆನ್ನೆಯಾ.

1980ರ ಜುಲೈ ಕೊನೆಯ ವಾರ ನನಗೆ ಹದಿನೈದು ವರ್ಷ. ಕೊಡಗಿನಲ್ಲಿ ಬಿಡದ ಮಳೆ. ಜುಲೈ 29ರಂದು ಮಾಸ್ಕೋದಲ್ಲಿ ಭಾರತ ಹಾಕಿ ಫೈನಲಿನಲ್ಲಿ ಸ್ಪೇನನ್ನು 4-3ರಿಂದ ಸೋಲಿಸಿತು. ಆ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಊರಿನ ವಾಚನಾಲಯಕ್ಕೆ ಬಸ್ಸಿನಲ್ಲಿ ಬಂದ ಪತ್ರಿಕೆಗೆ ಕೈ ಮೇಲೆ ಕೈ. ನನ್ನ ಸರದಿ ಬರುವಷ್ಟರಲ್ಲಿ ಅದು ಒದ್ದೆಯಾಗಿ ಹರಿಯುವಂತಾಗಿತ್ತು. ಹಾಕಿಯ ಸುದ್ದಿಯನ್ನು ಎರಡು ಸಲ ಓದಿದ ಮೇಲೆ ಕೆಳಗಿನ ಮೂಲೆಯಲ್ಲಿದ್ದ ನಾಲ್ಕು ಸಾಲು ಕಣ್ಣಿಗೆ ಬಿತ್ತು. ಜುಲೈ 28ರಂದು ನಡೆದ 200 ಮೀಟರ್ ಓಟದಲ್ಲಿ ಇಟಲಿಯ ಮೆನ್ನೆಯಾ ಬ್ರಿಟನ್ನಿನ ಅಲನ್ ವೆಲ್ಸ್‌ನನ್ನು ಎರಡು ಶತಾಂಶ ಸೆಕೆಂಡಿನಿಂದ ಹಿಂದೆ ಹಾಕಿದ್ದ. ಎರಡು ಶತಾಂಶ ಎಂದರೆ ಎಷ್ಟು ದೂರವಿರಬಹುದು ಎಂಬ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ದೈಹಿಕ ಶಿಕ್ಷಣದ ತರಬೇತಿಗೆ ಸೇರಿದ ಮೇಲೆ ಉತ್ತರ ಸಿಕ್ಕಿತು. ಆ ವೇಗದಲ್ಲಿ ಅದು ಒಂದು ಗೇಣು.

ಮೆನ್ನೆಯಾನ ಕಥೆಗೆ ಮೊದಲು ಇನ್ನೊಬ್ಬ ಇಟಲಿಯವನ ಕಥೆ ಹೇಳಬೇಕು. ಇಲ್ಲದಿದ್ದರೆ ಇವನು ಏನೆಂಬುದು ತಿಳಿಯುವುದಿಲ್ಲ.

1960ರ ಸೆಪ್ಟೆಂಬರ್ 3, ರೋಮ್ ಒಲಿಂಪಿಕ್ಸ್. 200 ಮೀಟರ್ ಅಂದರೆ ಅಮೆರಿಕದವರದು ಎಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲ. ಅಲ್ಲಿಯವರೆಗೆ ಆ ಓಟದ ಒಲಿಂಪಿಕ್ ಚಿನ್ನ ಅಮೆರಿಕ, ಕೆನಡಾ ಬಿಟ್ಟು ಹೊರಗೆ ಹೋಗಿರಲಿಲ್ಲ. ಟುರಿನ್‌ನ ಇಪ್ಪತ್ತೊಂದು ವರ್ಷದ ಲಿವಿಯೊ ಬೆರ್ರುತಿ ಕಪ್ಪು ಕನ್ನಡಕ ಹಾಕಿಕೊಂಡು, ಬಿಳಿ ಕಾಲುಚೀಲ ತೊಟ್ಟು ಟ್ರ್ಯಾಕಿಗೆ ಬಂದ. ಅವನಿಗೆ ಸಮೀಪದೃಷ್ಟಿ, ಕನ್ನಡಕವಿಲ್ಲದೆ ಆಗುತ್ತಿರಲಿಲ್ಲ. ಓದುತ್ತಿದ್ದುದು ರಸಾಯನಶಾಸ್ತ್ರ. ಸೆಮಿಫೈನಲಿನಲ್ಲಿ 20.5 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಅದೇ ದಿನ ಫೈನಲಿನಲ್ಲಿ ಮತ್ತೆ 20.5. ಅಮೆರಿಕದ ಲೆಸ್ಟರ್ ಕಾರ್ನಿ ಎರಡನೆಯವನಾದ, ಫ್ರಾನ್ಸ್ ಪರ ಓಡಿದ ಸೆನೆಗಲ್‌ನ ಅಬ್ದುಲಾಯ್ ಸೇಯ್ ಮೂರನೆಯವನಾದ. ಬೆರ್ರುತಿಯ ಓಟದ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಆ ತಿರುವನ್ನು ಅವನು ಓಡಲಿಲ್ಲ, ನೀರಿನ ಮೇಲೆ ಜಾರಿದ ಹಾಗೆ ದಾಟಿದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಮೂರು ದಿನ ಬಿಟ್ಟು ಅದೇ ಟ್ರ್ಯಾಕಿನಲ್ಲಿ ನಮ್ಮ ಮಿಲ್ಖಾ ಸಿಂಗ್ 400 ಮೀಟರ್ ಫೈನಲ್ ಓಡಿ ನಾಲ್ಕನೆಯವರಾದರು. ರೋಮ್ ಎಂದರೆ ನಮಗೆ ಆ ನಾಲ್ಕನೇ ಸ್ಥಾನ. ಇಟಲಿಯವರಿಗೆ ಬೆರ್ರುತಿ. 1964ರಲ್ಲಿ ಟೋಕಿಯೊಗೂ ಬೆರ್ರುತಿ ಹೋದ, 200ರಲ್ಲಿ ಐದನೆಯವನಾದ. ಅದೇ ಟೋಕಿಯೊದಲ್ಲಿ ಭಾರತದ 4x100 ರಿಲೇ ತಂಡದಲ್ಲಿ ಓಡಿದವರು ನಮ್ಮ ಕೋಲಾರದ ಕೆನೆತ್ ಪೊವೆಲ್. ನಮ್ಮ ರಾಜ್ಯದ ವೇಗದ ಓಟದ ಮಾತು ಬಂದಾಗ ಈ ಹೆಸರನ್ನು ಮರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬೆರ್ರುತಿ ಉತ್ತರದವನು. ಟುರಿನ್ ಫಿಯಟ್ ಕಾರ್ಖಾನೆಯ ನಗರ, ಕೈತುಂಬ ಕೆಲಸವಿದ್ದ ಊರು. ಆ ವರ್ಷಗಳಲ್ಲಿ ದಕ್ಷಿಣ ಇಟಲಿಯ ಬಡವರು ರೈಲು ಹತ್ತಿ ಅಲ್ಲಿಗೇ ದುಡಿಯಲು ಹೋಗುತ್ತಿದ್ದರು. ಬೆರ್ರುತಿ ಗೆದ್ದ ಆ ಸೆಪ್ಟೆಂಬರಿನಲ್ಲಿ ದಕ್ಷಿಣದ ಪುಲಿಯಾ ಸೀಮೆಯ ಬಾರ್ಲೆತ್ತಾ ಊರಿನಲ್ಲಿ ಒಬ್ಬ ದರ್ಜಿಯ ಮಗನಿಗೆ ಎಂಟು ವರ್ಷ. ಬಾರ್ಲೆತ್ತಾ ಆಡ್ರಿಯಾಟಿಕ್ ಸಮುದ್ರದ ದಡದ ಊರು. 1503ರಲ್ಲಿ ಹದಿಮೂರು ಇಟಾಲಿಯನ್ ಸವಾರರು ಹದಿಮೂರು ಫ್ರೆಂಚ್ ಸವಾರರ ಜೊತೆ ಪಂಥ ಕಟ್ಟಿ ಕಾದಾಡಿ ಗೆದ್ದ ಕಥೆಯನ್ನು ಆ ಊರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಈ ಹುಡುಗನೂ ಪಂಥ ಕಟ್ಟುವವನೇ. ಹದಿನೈದರ ಆಸುಪಾಸಿನಲ್ಲಿ ಬೀದಿಯಲ್ಲಿ ಕಾರುಗಳ ಜೊತೆ ಐವತ್ತು ಮೀಟರ್ ಓಡುತ್ತಿದ್ದ. ಪೋರ್ಷೆಯೂ ಇತ್ತು, ಆಲ್ಫಾ ರೋಮಿಯೊವೂ ಇತ್ತು. ಕಾರು ವೇಗ ಹಿಡಿಯುವಷ್ಟರಲ್ಲಿ ಹುಡುಗ ಗೆರೆ ದಾಟಿರುತ್ತಿದ್ದ. ಗೆದ್ದ ದುಡ್ಡಿನಲ್ಲಿ ಸಿನಿಮಾ, ತಿನ್ನಲು ಒಂದಿಷ್ಟು. ಮುಂದೆ ಇಡೀ ಇಟಲಿ ಅವನನ್ನು ದಕ್ಷಿಣದ ಬಾಣ ಎಂದು ಕರೆಯಿತು. ಆ ಬಿರುದಿನಲ್ಲಿ ದಕ್ಷಿಣ ಎಂಬ ಮಾತಿಗೆ ಎಷ್ಟು ತೂಕವಿತ್ತೆಂಬುದು ಆ ದೇಶದ ಬಡವ ಬಲ್ಲಿದರ ಭೂಗೋಳ ಗೊತ್ತಿದ್ದವರಿಗೆ ತಿಳಿಯುತ್ತದೆ.

ಅವನ ಮೈಕಟ್ಟು ಓಟಗಾರನದೆಂದು ಯಾರೂ ಹೇಳುತ್ತಿರಲಿಲ್ಲ. ಸಣಕಲು ದೇಹ, ಕಿರಿದಾದ ಭುಜ. ಬೆರ್ರುತಿಗೆ ಹುಟ್ಟಿನಿಂದ ಬಂದ ಲಾಲಿತ್ಯ ಇವನ ಹತ್ತಿರ ಸುಳಿಯಲಿಲ್ಲ. ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಓಡುತ್ತಿದ್ದ. ಸ್ಟಾರ್ಟಿಂಗ್ ಬ್ಲಾಕಿನಿಂದ ಏಳುವುದರಲ್ಲಿ ಕೊನೆಯವರೆಗೂ ಹಿಂದೆಯೇ. ಅವನ ಓಟವೆಲ್ಲ ಇದ್ದದ್ದು ಎರಡನೇ ಅರ್ಧದಲ್ಲಿ. ಬೇರೆಯವರ ಕಾಲು ಭಾರವಾಗುವ ಹೊತ್ತಿಗೆ ಇವನ ಕಾಲು ಬಿಚ್ಚಿಕೊಳ್ಳುತ್ತಿತ್ತು.

ಅದನ್ನು ತಂದುಕೊಟ್ಟದ್ದು ಫೋರ್ಮಿಯಾ. ರೋಮ್ ಮತ್ತು ನೇಪಲ್ಸ್ ನಡುವೆ ಸಮುದ್ರದಂಚಿನಲ್ಲಿರುವ ಆ ಪುಟ್ಟ ಊರಿನಲ್ಲಿ ಇಟಲಿಯ ಅಥ್ಲೆಟಿಕ್ಸ್ ತರಬೇತಿ ಕೇಂದ್ರವಿದೆ. ಅಲ್ಲಿದ್ದ ಕೋಚ್ ಕಾರ್ಲೊ ವಿತ್ತೋರಿ ಸ್ವತಃ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಓಡಿದ್ದವನು. ವೇಗದ ಓಟಗಾರ ಹುಟ್ಟುತ್ತಾನೆ, ತಯಾರಾಗುವುದಿಲ್ಲ ಎಂಬ ಮಾತು ಆಗ ಎಲ್ಲ ಕಡೆ ಓಡಾಡುತ್ತಿತ್ತು. ವಿತ್ತೋರಿ ಅದನ್ನು ಒಪ್ಪಲಿಲ್ಲ. ದಣಿದ ಮೇಲೂ ವೇಗ ಇಳಿಯಬಾರದು, ಅದಕ್ಕಾಗಿ ದಣಿದ ಮೇಲೆ ಮತ್ತೆ ವೇಗವಾಗಿ ಓಡಬೇಕು ಎಂಬುದು ಅವನ ದಾರಿ. ದಿನಕ್ಕೆ ಐದಾರು ಗಂಟೆ, ವರ್ಷಕ್ಕೆ ಮುನ್ನೂರೈವತ್ತು ದಿನ ಅಭ್ಯಾಸ ಎಂದು ಮೆನ್ನೆಯಾ ಹೇಳಿಕೊಂಡಿದ್ದಾನೆ. ಗುರು ಶಿಷ್ಯರಿಬ್ಬರೂ ಹಟದವರು, ಜಗಳವಾಡುತ್ತಿದ್ದರು, ಮತ್ತೆ ಟ್ರ್ಯಾಕಿಗೆ ಇಳಿಯುತ್ತಿದ್ದರು. ಮೇಷ್ಟ್ರಾಗಿ ನನಗೆ ವಿತ್ತೋರಿಯ ಮೇಲೆ ಬಹಳ ಗೌರವ. ಮೈಕಟ್ಟಿಲ್ಲದ ಹುಡುಗನನ್ನು ನೋಡಿ ಇವನಿಂದ ಆಗುತ್ತದೆ ಎಂದು ನಂಬಿದ್ದು ಒಂದು ದೊಡ್ಡ ಗುಣ. ಆ ನಂಬಿಕೆಯ ಜೊತೆ ವರ್ಷಗಟ್ಟಲೆ ಸ್ಟಾಪ್‌ವಾಚ್ ಹಿಡಿದು ನಿಂತದ್ದು ಅದಕ್ಕಿಂತ ದೊಡ್ಡದು.

1972ರ ಮ್ಯೂನಿಕ್‌ನಲ್ಲಿ ಇಪ್ಪತ್ತು ವರ್ಷದ ಮೆನ್ನೆಯಾ 20.30ರಲ್ಲಿ ಓಡಿ ಕಂಚು ತಂದ. ಗೆದ್ದವನು ಸೋವಿಯತ್ ದೇಶದ, ಉಕ್ರೇನಿನಲ್ಲಿ ಹುಟ್ಟಿದ ವಲೇರಿ ಬೊರ್ಜೋವ್. ಸಮಯ ಸರಿಯಾಗಿ 20.00. 1974ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ರೋಮಿನಲ್ಲಿ ನಡೆದಾಗ ಬೆರ್ರುತಿ ಗೆದ್ದಿದ್ದ ಅದೇ ಕ್ರೀಡಾಂಗಣದಲ್ಲಿ ಮೆನ್ನೆಯಾ 200ರ ಚಿನ್ನ ಗೆದ್ದ, 100ರಲ್ಲಿ ಬೊರ್ಜೋವ್‌ನ ಹಿಂದೆ ಬೆಳ್ಳಿ. 1976ರ ಮಾಂಟ್ರಿಯಲ್‌ನಲ್ಲಿ ಜಮೈಕಾದ ಡಾನ್ ಕ್ವಾರಿ ಗೆದ್ದ. ಮೆನ್ನೆಯಾ ನಾಲ್ಕನೆಯವನು. ಮಿಲ್ಖಾ ಸಿಂಗ್ ಅವರ ದೇಶದವನಾದ ನನಗೆ ಆ ನಾಲ್ಕರ ನೋವು ಯಾರೂ ವಿವರಿಸಬೇಕಾಗಿಲ್ಲ. ಎರಡು ವರ್ಷದ ಮೇಲೆ ಪ್ರಾಗ್‌ನಲ್ಲಿ ಯುರೋಪಿನ 100, 200 ಎರಡೂ ಚಿನ್ನ ಅವನದಾದವು.

ಆಮೇಲೆ ಮೆಕ್ಸಿಕೋ. ಜಗತ್ತು ಮೆನ್ನೆಯಾನನ್ನು ನೆನೆಯುವುದು ಈ ಓಟದಿಂದ. 1979ರಲ್ಲಿ ವಿಶ್ವ ವಿಶ್ವವಿದ್ಯಾಲಯಗಳ ಕ್ರೀಡಾಕೂಟ ಮೆಕ್ಸಿಕೋ ನಗರದಲ್ಲಿ ನಡೆಯಿತು. ಮೆನ್ನೆಯಾಗೆ ಇಪ್ಪತ್ತೇಳು ವರ್ಷ, ರಾಜ್ಯಶಾಸ್ತ್ರದ ವಿದ್ಯಾರ್ಥಿ. ಆ ನಗರ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಓಡುವವನ ಎದೆಗೆ ಬೀಳುವ ತಡೆ ಕಡಿಮೆ. ದೂರದ ಓಟಗಾರ ಅಲ್ಲಿ ಉಸಿರಿಗೆ ಒದ್ದಾಡುತ್ತಾನೆ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುವವನಿಗೆ ಅದು ಲಾಭ. 1968ರ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್ ಅಲ್ಲೇ 19.83ರ ದಾಖಲೆ ಬರೆದಿದ್ದ. ಪದಕ ವೇದಿಕೆಯ ಮೇಲೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿದ ಸ್ಮಿತ್. ಸೆಪ್ಟೆಂಬರ್ 4ರಂದು ಮೆನ್ನೆಯಾ 100 ಮೀಟರನ್ನು 10.01ರಲ್ಲಿ ಮುಗಿಸಿ ಯುರೋಪಿನ ದಾಖಲೆ ಮಾಡಿದ. ಸೆಪ್ಟೆಂಬರ್ 12ರಂದು 200ರ ಫೈನಲ್. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 1.8 ಮೀಟರ್, ನಿಯಮದ ಮಿತಿ 2.0. ಮೊದಲ ನೂರು 10.34, ಎರಡನೇ ನೂರು 9.38, ಒಟ್ಟು 19.72. ಹನ್ನೊಂದು ವರ್ಷದ ದಾಖಲೆ ಮುರಿಯಿತು. ಎರಡನೆಯವನಾದ ಪೋಲೆಂಡಿನ ಓಟಗಾರ ಅರ್ಧ ಸೆಕೆಂಡಿಗಿಂತ ಹಿಂದೆ. ಎಳೆದುಕೊಂಡು ಹೋಗಲು ಪಕ್ಕದಲ್ಲಿ ಯಾರೂ ಇಲ್ಲದೆ ಅವನು ಒಬ್ಬನೇ ಓಡಿದ್ದ. ಈ 19.72 ಹದಿನಾರು ವರ್ಷ ಒಂಬತ್ತು ತಿಂಗಳು ವಿಶ್ವದಾಖಲೆಯಾಗಿ ಉಳಿಯಿತು. 1996ರ ಜೂನ್ 23ರಂದು ಅಟ್ಲಾಂಟಾದಲ್ಲಿ ಮೈಕೆಲ್ ಜಾನ್ಸನ್ 19.66 ಓಡಿದ ಮೇಲೆಯೇ ಅದು ಹೋದದ್ದು.

ಆದರೂ ನನ್ನ ತೀರ್ಪು ಬೇರೆ. ಮೆನ್ನೆಯಾನ ಶ್ರೇಷ್ಠ ಓಟ ಮೆಕ್ಸಿಕೋದ್ದಲ್ಲ, ಮಾಸ್ಕೋದ್ದು.

ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತೆಂದು ಅಮೆರಿಕ ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸಿತು. ಇಟಲಿಯ ಸರ್ಕಾರವೂ ಬಹಿಷ್ಕಾರದ ಪರ. ಆದರೆ ಇಟಲಿಯ ಒಲಿಂಪಿಕ್ ಸಮಿತಿ ತನ್ನ ಕ್ರೀಡಾಪಟುಗಳನ್ನು ಕಳಿಸಿತು. ಸೇನೆ ಪೊಲೀಸಿನಲ್ಲಿದ್ದವರು ಹೋಗುವಂತಿರಲಿಲ್ಲ, ಹೋದವರಿಗೆ ಸ್ವಂತ ದೇಶದ ಬಾವುಟವಿರಲಿಲ್ಲ. ಮೆನ್ನೆಯಾ 100ರಲ್ಲಿ ಸೆಮಿಫೈನಲಿಗೇ ಹೊರಬಿದ್ದ. ಆ ಚಿನ್ನ ಸ್ಕಾಟ್ಲೆಂಡಿನ ಅಲನ್ ವೆಲ್ಸ್‌ಗೆ ಹೋಯಿತು. ಮೂರು ದಿನ ಬಿಟ್ಟು 200ರ ಫೈನಲ್. ವೆಲ್ಸ್ ಏಳನೇ ಲೇನ್. ಮೆನ್ನೆಯಾ ಎಂಟು.

ಇದನ್ನು ನಾನು ಮೊದಲು ನೋಡಿದ್ದು ತರಬೇತಿ ಕಾಲೇಜಿನ ಹಳೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ. ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಗುಂಡು ಹಾರುತ್ತದೆ. ವೆಲ್ಸ್ ನೂರು ಮೀಟರಿನ ರಾಜ, ಗಟ್ಟಿ ಆಳು, ಸ್ಫೋಟವಾದಂತೆ ಎದ್ದ. ನಾಲ್ಕು ಮೀಟರಿಗೆ ಹತ್ತಿರದ ಸ್ಟ್ಯಾಗರನ್ನು ತಿರುವಿನ ಮೊದಲ ಭಾಗದಲ್ಲೇ ತಿಂದುಹಾಕಿದ. ನನ್ನ ಮಕ್ಕಳ ಎದೆ ಒಡೆಯುತ್ತಿದ್ದ ಆ ನೆರಳು ಅಲ್ಲಿ ಮೆನ್ನೆಯಾನ ಎಡಕ್ಕೆ ಬಂತು, ಬಂದು ದಾಟಿಯೂ ಹೋಯಿತು. ನೇರಕ್ಕೆ ತಿರುಗುವ ಹೊತ್ತಿಗೆ ವೆಲ್ಸ್ ಸ್ಪಷ್ಟವಾಗಿ ಮುಂದೆ. ಒಳಗಿನ ಲೇನುಗಳಲ್ಲಿ ಕ್ವಾರಿಯೂ ಇದ್ದ, ಕ್ಯೂಬಾದ ಸಿಲ್ವಿಯೊ ಲಿಯೊನಾರ್ಡೂ ಇದ್ದ. ಮೆನ್ನೆಯಾಗೆ ಪದಕವೂ ಅನುಮಾನವೆಂಬಂತೆ ಕಾಣುತ್ತದೆ.

ಇಲ್ಲಿ ನಾನು ಟೇಪು ನಿಲ್ಲಿಸಿ ಮಕ್ಕಳಿಗೆ ಅವನ ಭುಜ ನೋಡಲು ಹೇಳುತ್ತಿದ್ದೆ. ಹಿಂದೆ ಬಿದ್ದವನು ಸಾಮಾನ್ಯವಾಗಿ ಭುಜ ಎತ್ತುತ್ತಾನೆ, ಕೈ ಅಗಲವಾಗುತ್ತದೆ, ಹೆಜ್ಜೆ ಉದ್ದ ಮಾಡಲು ಹೋಗಿ ಮುಗ್ಗರಿಸುತ್ತಾನೆ. ಇವನು ಅದೊಂದನ್ನೂ ಮಾಡಲಿಲ್ಲ. ಮುಖ ಕಿವುಚಿದೆ, ಕುತ್ತಿಗೆ ಬಿಗಿದಿದೆ, ಆದರೆ ಕಾಲಿನ ಲಯ ಒಂದಿಷ್ಟೂ ಕೆಡಲಿಲ್ಲ. ಫೋರ್ಮಿಯಾದಲ್ಲಿ ದಣಿದ ಮೇಲೆ ಓಡಿದ ಸಾವಿರಾರು ಓಟಗಳು ಕೊನೆಯ ಐವತ್ತು ಮೀಟರಿನಲ್ಲಿ ಹೊರಗೆ ಬಂದವು. ಇಟಲಿಯ ಟೆಲಿವಿಷನ್ ವೀಕ್ಷಕ ವಿವರಣೆಗಾರ ಪಾವೊಲೊ ರೋಸಿ ಹತ್ತಿರವಾಗುತ್ತಿದ್ದಾನೆ ಎಂಬರ್ಥದ ಒಂದೇ ಶಬ್ದವನ್ನು ಮತ್ತೆ ಮತ್ತೆ ಕೂಗುತ್ತಾನೆ. ಭಾಷೆ ಗೊತ್ತಿಲ್ಲದವರಿಗೂ ಆ ದನಿ ಅರ್ಥವಾಗುತ್ತದೆ. ಗೆರೆಯ ಹತ್ತಿರ ವೆಲ್ಸ್ ಎದೆ ಬಾಗಿಸುತ್ತಾನೆ, ಮೆನ್ನೆಯಾನೂ. 20.19 ಮತ್ತು 20.21. ಕ್ವಾರಿ 20.29. ಮೆನ್ನೆಯಾ ಒಂದು ಬೆರಳನ್ನು ಮೇಲಕ್ಕೆತ್ತಿ ಓಡುತ್ತಲೇ ಹೋಗುತ್ತಾನೆ.

ಪದಕ ಪ್ರದಾನದಲ್ಲಿ ಇಟಲಿಯ ಬಾವುಟ ಏರಲಿಲ್ಲ. ಬ್ರಿಟನ್ನಿನವರೂ ಒಲಿಂಪಿಕ್ ಬಾವುಟದಡಿಯಲ್ಲೇ ಬಂದಿದ್ದರು. ಹಾಗಾಗಿ ಮೂರು ಕಂಬದಲ್ಲಿ ಎರಡಕ್ಕೆ ಐದು ಬಳೆಯ ಬಿಳಿ ಬಾವುಟ, ಮೂರನೆಯದಕ್ಕೆ ಜಮೈಕಾದ್ದು. ನುಡಿಸಿದ್ದು ಒಲಿಂಪಿಕ್ ಗೀತೆ.

ಅಮೆರಿಕದವರು ಇರಲಿಲ್ಲವಲ್ಲ, ಹಾಗಾಗಿ ಗೆದ್ದ ಎಂದು ಈ ಚಿನ್ನವನ್ನು ಅಗ್ಗ ಮಾಡಿ ಮಾತಾಡುವವರಿದ್ದಾರೆ. ಅವರಿಗೆ ನಾನು ಒಂದು ತಾರೀಖು ಹೇಳುತ್ತೇನೆ. 1980ರ ಆಗಸ್ಟ್ 17, ಮಾಸ್ಕೋದ ಫೈನಲಿಗೆ ಇಪ್ಪತ್ತು ದಿನ ಕಳೆದಿತ್ತು. ಬಾರ್ಲೆತ್ತಾದಲ್ಲಿ, ಸ್ವಂತ ಊರಿನ ಜನರ ಮುಂದೆ, ಸಮುದ್ರದ ದಡದಲ್ಲಿ, ತೆಳುಗಾಳಿಯ ಯಾವ ಸಹಾಯವೂ ಇಲ್ಲದೆ ಮೆನ್ನೆಯಾ 200 ಮೀಟರನ್ನು 19.96ರಲ್ಲಿ ಓಡಿದ. ಮ್ಯೂನಿಕ್‌ನಲ್ಲಿ ತನ್ನನ್ನು ಸೋಲಿಸಿದ್ದ ಬೊರ್ಜೋವ್‌ನ ಓಟಕ್ಕಿಂತ ವೇಗವಾಗಿ. ಕಾರಿನ ಜೊತೆ ಪಂಥ ಕಟ್ಟಿದ್ದ ಬೀದಿಗಳು ಅಲ್ಲೇ ಆಚೆಗಿದ್ದವು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಓಟ ನಿಲ್ಲಿಸುತ್ತೇನೆಂದು ಹೇಳಿ ಮರಳಿ ಬಂದ. 1983ರಲ್ಲಿ ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 200ರ ಕಂಚು, ರಿಲೇಯಲ್ಲಿ ಬೆಳ್ಳಿ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಏಳನೆಯವನಾದ. ಸತತ ನಾಲ್ಕು ಒಲಿಂಪಿಕ್ಸ್‌ನ 200ರ ಫೈನಲ್ ಓಡಿದ ಮೊದಲಿಗ ಅವನು. 1988ರ ಸೋಲ್‌ನಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಇಟಲಿಯ ಬಾವುಟ ಹಿಡಿದು ತಂಡದ ಮುಂದೆ ನಡೆದ. ಮಾಸ್ಕೋದಲ್ಲಿ ಕಂಬಕ್ಕೇರದ ಬಾವುಟ ಅವನ ಕೈಗೆ ಬಂದಿತ್ತು.

ಓದನ್ನೂ ಹಾಗೇ ಹಿಡಿದ. ನಾಲ್ಕು ಪದವಿ ಪಡೆದ, ವಕೀಲನಾದ, ಪುಸ್ತಕಗಳನ್ನು ಬರೆದ, 1999ರಿಂದ 2004ರವರೆಗೆ ಯುರೋಪಿಯನ್ ಸಂಸತ್ತಿನ ಸದಸ್ಯನಾಗಿದ್ದ. 2013ರ ಮಾರ್ಚ್ 21ರಂದು ರೋಮಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅರವತ್ತು ವರ್ಷ. ಇಟಲಿಯ ಅತಿ ವೇಗದ ರೈಲುಗಳಲ್ಲಿ ಒಂದಕ್ಕೆ ಅವನ ಹೆಸರಿಟ್ಟಿದ್ದಾರೆ.

ಅವನ 10.01 ಇಟಲಿಯ ದಾಖಲೆಯಾಗಿ ಸುಮಾರು ಮೂವತ್ತೊಂಬತ್ತು ವರ್ಷ ನಿಂತಿತ್ತು. 2018ರ ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಫಿಲಿಪ್ಪೊ ತೋರ್ತು 9.99 ಓಡಿ ಅದನ್ನು ಮುರಿದ. 2021ರ ಟೋಕಿಯೊದಲ್ಲಿ ಮಾರ್ಸೆಲ್ ಜೇಕಬ್ಸ್ 9.80ರಲ್ಲಿ 100 ಮೀಟರ್ ಚಿನ್ನ ಗೆದ್ದ. ಐದು ದಿನದ ಮೇಲೆ ರಿಲೇಯ ಕೊನೆಯ ಕೋಲು ಹಿಡಿದ ತೋರ್ತು ಬ್ರಿಟನ್ನನ್ನು ಒಂದು ಶತಾಂಶದಿಂದ ಹಿಂದೆ ಹಾಕಿದಾಗ ನಾನು ಮನೆಯಲ್ಲಿ ಎದ್ದು ನಿಂತಿದ್ದೆ. ಇಟಲಿಯವನು, ಬ್ರಿಟನ್ನಿನವನು, ಕೊನೆಯ ಹೆಜ್ಜೆ. ಮಾಸ್ಕೋದ ಆ ಗೇಣು ಮತ್ತೆ ಕಣ್ಣೆದುರು ಬಂತು.

ಎಂಟರ ಚೀಟಿ ಹಿಡಿದು ಅತ್ತ ಆ ಹುಡುಗಿ ಅಂದು ಮೂರನೆಯವಳಾದಳು. ತಿರುವಿನಲ್ಲಿ ಮೂವರು ಅವಳನ್ನು ದಾಟಿದ್ದರು, ಕೊನೆಯಲ್ಲಿ ಒಬ್ಬಳನ್ನು ಅವಳು ಮತ್ತೆ ಹಿಡಿದಳು.

ಮೆನ್ನೆಯಾನ 19.72 ಮಾತ್ರ ಯುರೋಪಿನ ದಾಖಲೆಯಾಗಿ ಈಗಲೂ ಇದೆ. 2018ರಲ್ಲಿ ಬರ್ಲಿನ್‌ನಲ್ಲಿ ಟರ್ಕಿಯ ರಮಿಲ್ ಗುಲಿಯೆವ್ 19.76ರವರೆಗೆ ಬಂದ. 2023ರ ಜುಲೈಯಲ್ಲಿ ಲಂಡನ್‌ನಲ್ಲಿ ಬ್ರಿಟನ್ನಿನ ಝಾರ್ನೆಲ್ ಹ್ಯೂಸ್ ಓಡಿದ ಸಮಯ 19.73.